ಕುಲಾಂತರಿ ಬೀಜ: ತೀರ್ಪಿಲ್ಲದ ವ್ಯವಹಾರ

2010ನೆಯ ಇಸವಿಯ ಫೆಬ್ರವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವರಾದ ಶ್ರೀ ಜೈರಾಮ್ ರಮೇಶರು ಬಿ.ಟಿ. ಬದನೆಯ ಬೇಸಾಯಕ್ಕೆ ತಡೆಯೊಡ್ಡಿದರು. ಮನುಷ್ಯರ ಆರೋಗ್ಯಕ್ಕೂ ಪರಿಸರಕ್ಕೂ ದೀರ್ಘಕಾಲದಲ್ಲಿ ಇದರಿಂದ ಕೇಡಿಲ್ಲವೆಂಬುದು ಸ್ವತಂತ್ರ ಪರೀಕ್ಷೆಗಳಿಂದ ಜನತೆಗೂ ತಜ್ಞರಿಗೂ ಮನವರಿಕೆಯಾಗುವವರೆಗೆ ಈ ತಡೆ ನಿಲ್ಲುವುದೆಂದು ಅವರು ಸಾರಿದರು. ಅದು ನಿಷೇಧವಲ್ಲ, ಅನುಮತಿಯೂ ಅಲ್ಲ. ಪರೀಕ್ಷೆಗಾಗಿ ಕೇಳಿದ ಕಾಲಾವಕಾಶ. ಆಮೇಲೆ ಹದಿನೈದು ವರ್ಷಗಳು ಸಂದವು. ಬದನೆಯ ಬೀಜ ಇಂದಿಗೂ ಆ ನಡುಬಾಗಿಲಿನಲ್ಲಿಯೇ ನಿಂತಿದೆ. 2022ರ ಅಕ್ಟೋಬರಿನಲ್ಲಿ ಅನುಮತಿ ಪಡೆದ ಸಾಸಿವೆ ನ್ಯಾಯಾಲಯದ ಅಂಗಳದಲ್ಲಿ ಸಿಲುಕಿಕೊಂಡಿತು. 2025ರ ಮೇ 4ರಂದು ಜೀನ್ ತಿದ್ದುಪಡಿಯ ಎರಡು ಬತ್ತದ ತಳಿಗಳನ್ನು ಸರಕಾರದವರೇ ಹರ್ಷದಿಂದ ಘೋಷಿಸಿದರು. ಒಂದಕ್ಕೆ ಬೀಗ, ಒಂದಕ್ಕೆ ವ್ಯಾಜ್ಯ, ಮತ್ತೊಂದಕ್ಕೆ ತೆರೆದ ಬಾಗಿಲು. ಇವುಗಳ ಹಿಂದೆ ಯಾವುದಾದರೂ ಒಂದು ನೀತಿಯಿದೆಯೇ ಎಂದು ಕೇಳುವುದು ಪ್ರಜೆಗಳ ಹಕ್ಕಾಗಿದೆ.

ಇದು ಒಕ್ಕಲಿಗರ ವಿಷಯ, ನಮಗೇಕೆ ಎಂದು ಪಟ್ಟಣವಾಸಿಗಳಾದ ನಮ್ಮ ವಾಚಕರು ಎಣಿಸಬಾರದು. ಹತ್ತಿಯ ಬೀಜದಿಂದ ತೆಗೆದ ಎಣ್ಣೆ ನಮ್ಮ ದೇಶದ ಅಡಿಗೆಮನೆಗಳಿಗೆ ಬರುತ್ತದೆ. ಅದರ ಹಿಂಡಿಯನ್ನು ತಿಂದ ದನಗಳ ಹಾಲನ್ನು ನಾವು ಕುಡಿಯುತ್ತೇವೆ. ದೇಶದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಕುಲಾಂತರಿ ಹತ್ತಿಯೇ ಆಗಿರುವುದರಿಂದ, ಈ ವಿಷಯ ನಮ್ಮೆಲ್ಲರ ತಾಟಿಗೆ ಬಂದು ಬಹಳ ಕಾಲವಾಯಿತು. ಆದಕಾರಣ ಇದರ ಪೂರ್ವಾಪರವನ್ನು ಎಲ್ಲರೂ ತಿಳಿದಿರುವುದು ಅವಶ್ಯ.

ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕೆಂದು ಕಟ್ಟಿಡುವ ವಿದ್ಯೆ ಒಕ್ಕಲುತನದಷ್ಟೇ ಹಳೆಯದು. ಅಲ್ಲಿ ಬತ್ತದ ಗುಣ ಬತ್ತದಲ್ಲಿಯೇ, ಬದನೆಯ ಗುಣ ಬದನೆಯ ಬಳಗದಲ್ಲಿಯೇ ಉಳಿಯುತ್ತಿತ್ತು. ಈ ಕುಲದ ಎಲ್ಲೆಯನ್ನು ದಾಟಿ, ಒಂದು ಜೀವಿಯ ವಂಶವಾಹಿಯನ್ನು ತೆಗೆದು ಬೇರೊಂದು ಜೀವಿಯಲ್ಲಿ ನೆಲೆಗೊಳಿಸುವುದೇ ಕುಲಾಂತರಿ ವಿದ್ಯೆ. 1973ರಲ್ಲಿ ಅಮೇರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಎಂಬ ವಿಜ್ಞಾನಿಗಳು ಇದನ್ನು ಸೂಕ್ಷ್ಮಜೀವಿಗಳಲ್ಲಿ ಸಾಧಿಸಿ ತೋರಿಸಿದರು. 1975ರಲ್ಲಿ ಕ್ಯಾಲಿಫೋರ್ನಿಯದ ಅಸಿಲೋಮಾರ್ ಎಂಬಲ್ಲಿ ವಿಜ್ಞಾನಿಗಳು ತಾವಾಗಿಯೇ ಸಭೆ ಸೇರಿ, ಈ ಶಕ್ತಿಯನ್ನು ಯಾವ ಕಟ್ಟುಪಾಡಿನಲ್ಲಿ ಬಳಸಬೇಕೆಂದು ಚರ್ಚಿಸಿದರು. ಯಾವ ಸರಕಾರದ ಬಲಾತ್ಕಾರವೂ ಇಲ್ಲದೆ ನಡೆದ ಆ ಸಭೆ ವಿದ್ವಾಂಸರಿಗೆ ಭೂಷಣವೆನ್ನಬೇಕು. 1983ರ ಹೊತ್ತಿಗೆ ಬೆಲ್ಜಿಯಂ ಮತ್ತು ಅಮೇರಿಕಗಳ ಪ್ರಯೋಗಶಾಲೆಗಳಲ್ಲಿ ಹೊಗೆಸೊಪ್ಪಿನ ಬಳಗದ ಗಿಡಗಳಿಗೂ ಅನ್ಯಜೀವಿಯ ವಂಶವಾಹಿ ಸೇರಿತು.

ಬಿ.ಟಿ. ಎಂಬ ಹೆಸರಿನ ಮೂಲವು ಇನ್ನೂ ಹಿಂದಿನದು. 1901ರಲ್ಲಿ ಜಪಾನಿನ ಇಶಿವಾತ ಎಂಬವರು ರೇಷ್ಮೆಹುಳುಗಳನ್ನು ಕೊಲ್ಲುತ್ತಿದ್ದ ಒಂದು ಸೂಕ್ಷ್ಮಜೀವಿಯನ್ನು ಗುರುತಿಸಿದರು. 1911ರಲ್ಲಿ ಜರ್ಮನಿಯ ಬರ್ಲಿನರ್ ಎಂಬವರು ತುರಿಂಗಿಯ ಪ್ರಾಂತದಲ್ಲಿ ಅದನ್ನೇ ಕಂಡು, ಪ್ರಾಂತದ ಹೆಸರಿನಿಂದ 'ಬ್ಯಾಸಿಲಸ್ ತುರಿಂಜಿಯೆನ್ಸಿಸ್' ಎಂದು ಕರೆದರು. ಈ ಜೀವಿಯ ಒಂದು ಸಾರವು ಕಂಬಳಿಹುಳುವಿನ ಜಾತಿಯ ಕೀಟಗಳ ಕರುಳನ್ನು ಒಡೆದು ಅವುಗಳನ್ನು ಸಾಯಿಸುತ್ತದೆ. ಅದನ್ನು ಪುಡಿಯಾಗಿ ಎರಚುವ ಪದ್ಧತಿ ಅನೇಕ ದಶಕಗಳಿಂದ ನಡೆದುಬಂದಿದೆ. ಗಿಡವೇ ಆ ಸಾರವನ್ನು ತನ್ನೊಳಗೆ ತಯಾರಿಸುವಂತೆ ಮಾಡಿದುದು ಹೊಸ ಸಂಗತಿ.

1994ರಲ್ಲಿ ಬೇಗನೆ ಮೆತ್ತಗಾಗದ ಟೊಮೆಟೊ ಅಮೇರಿಕದ ಪೇಟೆಗೆ ಬಂದಿತು. ವ್ಯಾಪಾರದಲ್ಲಿ ನಿಲ್ಲದೆ ಕೆಲವೇ ವರ್ಷಗಳಲ್ಲಿ ಮರೆಯಾಯಿತು. 1996ರಿಂದ ಕಳೆನಾಶಕವನ್ನು ತಾಳುವ ಸೋಯಾ, ಹುಳುವನ್ನು ತಡೆಯುವ ಹತ್ತಿ ಮತ್ತು ಮೆಕ್ಕೆಜೋಳಗಳು ದೊಡ್ಡ ಪ್ರಮಾಣದಲ್ಲಿ ಹಬ್ಬಿದವು. 2018ರ ಹೊತ್ತಿಗೆ 26 ದೇಶಗಳಲ್ಲಿ ಸುಮಾರು 19 ಕೋಟಿ ಹೆಕ್ಟೇರು ನೆಲದಲ್ಲಿ ಇಂತಹ ಬೆಳೆಗಳಿದ್ದವು. ಎಲ್ಲವೂ ಕಂಪನಿಗಳ ಕೈಯಿಂದಲೇ ಆದವೆಂದು ಹೇಳಲಾಗದು. ಹವಾಯಿ ದ್ವೀಪದಲ್ಲಿ ಪರಂಗಿಯ ತೋಟಗಳು ರೋಗದಿಂದ ನಾಶವಾಗುತ್ತಿದ್ದಾಗ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಿದ್ಧಪಡಿಸಿದ ಕುಲಾಂತರಿ ತಳಿಯು 1998ರಲ್ಲಿ ಬೆಳೆಗಾರರ ಕೈಸೇರಿ ಅವರನ್ನು ಉಳಿಸಿತು. ವಿದ್ಯೆಯೇ ಕೆಟ್ಟದ್ದೆನ್ನುವವರು ಈ ದೃಷ್ಟಾಂತವನ್ನು ಮರೆಯಬಾರದು.

ಆದರೆ ಈ ವಿದ್ಯೆಯ ಬೆನ್ನಿಗೇ ಇನ್ನೊಂದು ಚರಿತ್ರೆ ನಡೆದುಬಂದಿದೆ. ಅದು ಒಡೆತನದ ಚರಿತ್ರೆ. 1980ರ ಜೂನ್ 16ರಂದು ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ಐವರು ನ್ಯಾಯಾಧೀಶರ ಒಪ್ಪಿಗೆ, ನಾಲ್ವರ ವಿರೋಧಗಳ ಮೇಲೆ, ಮನುಷ್ಯನು ಮಾರ್ಪಡಿಸಿದ ಜೀವಿಗೂ ಪೇಟೆಂಟು ಸಲ್ಲುವುದೆಂದು ತೀರ್ಪು ಕೊಟ್ಟಿತು. ಆ ಸೂಕ್ಷ್ಮಜೀವಿಯನ್ನು ಸಿದ್ಧಪಡಿಸಿದವರು ನಮ್ಮ ಬಂಗಾಲದಲ್ಲಿ ಹುಟ್ಟಿದ ಆನಂದಮೋಹನ ಚಕ್ರವರ್ತಿಯವರೇ ಎಂಬುದು ಗಮನಾರ್ಹ. ಆ ತೀರ್ಪಿನಿಂದ ಬೀಜದ ವ್ಯಾಪಾರದ ಸ್ವರೂಪವೇ ಬದಲಾಯಿತು. ಅದುವರೆಗೆ ಬೀಜವನ್ನು ಕೊಂಡವನು ಅದರ ಸಂತತಿಗೂ ಒಡೆಯನಾಗುತ್ತಿದ್ದನು. ಈಗ ಅಮೇರಿಕದಲ್ಲಿ ಬೀಜವನ್ನು ಮಾರಿದ ಮೇಲೆಯೂ ಅದರೊಳಗಿನ ಗುಣ ಕಂಪನಿಯ ಸ್ವತ್ತಾಗಿಯೇ ಉಳಿಯಿತು.

ನಮ್ಮ ದೇಶದ ಶಾಸನಕರ್ತರು ಈ ಅಪಾಯವನ್ನು ತಿಳಿಯದೆ ಇರಲಿಲ್ಲ. 1986ರ ಪರಿಸರ ಕಾಯಿದೆಯ ಕೆಳಗೆ 1989ರಲ್ಲಿ ಕುಲಾಂತರಿಗಳ ನಿಯಮಗಳು ಬಂದವು. ಬೀಜಕ್ಕೂ ಗಿಡಕ್ಕೂ ಪೇಟೆಂಟು ಕೊಡಬಾರದೆಂದು ನಮ್ಮ ಪೇಟೆಂಟ್ ಕಾಯಿದೆ ವಿಧಿಸುತ್ತದೆ. 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಕಾಯಿದೆ ಒಕ್ಕಲಿಗನಿಗೆ ತನ್ನ ಬೆಳೆಯ ಬೀಜವನ್ನು ಕೂಡಿಡುವ, ಬಿತ್ತುವ, ಹಂಚಿಕೊಳ್ಳುವ, ಕಂಪನಿಯ ಗುರುತಿಲ್ಲದೆ ಮಾರುವ ಹಕ್ಕನ್ನು ಕೊಟ್ಟಿದೆ. ಬರೆದ ಕಾನೂನು ಒಳ್ಳೆಯದೇ. ನಡೆದ ವ್ಯವಹಾರ ಎಂತಹದೆಂಬುದನ್ನು ಹತ್ತಿಯ ಕಥೆ ತಿಳಿಸುತ್ತದೆ.

1998ರಲ್ಲಿ ಮಹಿಕೋ ಮತ್ತು ಮಾನ್ಸಾಂಟೊ ಕಂಪನಿಗಳ ಬಿ.ಟಿ. ಹತ್ತಿಯ ಪ್ರಯೋಗ ಹಲವು ರಾಜ್ಯಗಳ ಹೊಲಗಳಲ್ಲಿ ನಡೆಯುತ್ತಿತ್ತು. ಕರ್ನಾಟಕದ ಜನರು ಈ ವಿಷಯವನ್ನು ಚೆನ್ನಾಗಿ ತಿಳಿದುದು ಆ ವರ್ಷದ ನವಂಬರಿನಲ್ಲಿ, ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘದವರು ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಾಗ. ಬಿತ್ತಿದ ಬೀಜ ಎಂತಹದೆಂದು ಹೊಲದವರಿಗೇ ಸರಿಯಾಗಿ ತಿಳಿಸಿರಲಿಲ್ಲವೆಂಬುದು ರೈತರ ಮುಖ್ಯ ದೂರಾಗಿತ್ತು. ಬೆಳೆಯನ್ನು ಸುಡುವುದನ್ನು ನಾವು ಮೆಚ್ಚಲಾರೆವು. ಸಂತತಿಯಿಲ್ಲದ 'ಟರ್ಮಿನೇಟರ್' ಬೀಜವೇ ಇದು ಎಂದು ಹಬ್ಬಿದ ಸುದ್ದಿಯೂ ಸತ್ಯವಾಗಿರಲಿಲ್ಲ. ಆದರೆ ಗುಟ್ಟಾಗಿ ನಡೆದ ಪ್ರಯೋಗದ ಸುತ್ತಲೇ ಅಂತಹ ಸುದ್ದಿ ಹುಟ್ಟುತ್ತದೆ. ಪ್ರಯೋಗದ ಸ್ಥಳ, ಉದ್ದೇಶ, ಜವಾಬ್ದಾರರ ಹೆಸರುಗಳನ್ನು ಮೊದಲೇ ಪ್ರಕಟಿಸಿದ್ದರೆ ಬೆಂಕಿಗೆ ಅಷ್ಟು ಸೌದೆ ಸಿಗುತ್ತಿರಲಿಲ್ಲ.

ಸರಕಾರವು ಯೋಚಿಸುತ್ತಿದ್ದಂತೆಯೇ ಪೇಟೆ ತೀರ್ಮಾನವನ್ನು ಮಾಡಿತು. 2001ರಲ್ಲಿ ಗುಜರಾತಿನ ಹತ್ತಿಗೆ ಕಾಯಿಕೊರಕದ ಹಾವಳಿ ಬಂದಾಗ 'ನವಭಾರತ 151' ಎಂಬ ಹತ್ತಿ ಮಾತ್ರ ಹಸಿರಾಗಿ ನಿಂತಿತು. ವಿಚಾರಿಸಲು, ಅದರಲ್ಲಿ ಯಾವ ಅನುಮತಿಯೂ ಇಲ್ಲದ ಬಿ.ಟಿ. ವಂಶವಾಹಿಯಿತ್ತೆಂದು ಬಯಲಾಯಿತು. ಅದಾದ ಕೆಲವೇ ತಿಂಗಳುಗಳಲ್ಲಿ, 2002ರ ಮಾರ್ಚಿನಲ್ಲಿ, ಮೂರು ಬಿ.ಟಿ. ಹತ್ತಿ ಹೈಬ್ರಿಡ್‌ಗಳಿಗೆ ವಿಧ್ಯುಕ್ತ ಅನುಮತಿ ದೊರೆಯಿತು.

ಹತ್ತಿಯ ಲೆಕ್ಕವನ್ನು ಪಕ್ಷಪಾತವಿಲ್ಲದೆ ನೋಡಬೇಕು. 2002-03ರಲ್ಲಿ ದೇಶದ ಉತ್ಪನ್ನ ಸುಮಾರು 136 ಲಕ್ಷ ಬೇಲು. 2013-14ರಲ್ಲಿ ಸುಮಾರು 398 ಲಕ್ಷ ಬೇಲು. ಇದು ಅಲ್ಪವಾದ ಏರಿಕೆಯಲ್ಲ. ಅದಕ್ಕೆ ಹೊಸ ನೀರಾವರಿ, ಗೊಬ್ಬರ, ಹತ್ತಿಯ ನೆಲದ ವಿಸ್ತಾರಗಳೂ ಕಾರಣವಾದವು. ಆದರೂ ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕಾಗಿ ಸಿಂಪಡಿಸುವ ವಿಷ ಕಡಿಮೆಯಾದುದು ನಿಜ. ಆದರೆ ಹುಳುವೂ ಸುಮ್ಮನಿರಲಿಲ್ಲ. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲನೆಯ ಬಿ.ಟಿ.ಯನ್ನು ಜಯಿಸಿತೆಂದು 2010ರಲ್ಲಿ ಕಂಪನಿಯೇ ಒಪ್ಪಿತು. 2006ರಲ್ಲಿ ಬಂದ ಎರಡು ವಂಶವಾಹಿಗಳ ಹತ್ತಿಯೂ 2015ರ ಹೊತ್ತಿಗೆ ಅದೇ ಹುಳುವಿಗೆ ಸೋತಿತು. ಹುಳುವಿಗೆ ಸಹನಶಕ್ತಿ ಬಾರದಿರಲೆಂದು ಹೊಲದ ಅಂಚಿನಲ್ಲಿ ಸಾಮಾನ್ಯ ಹತ್ತಿಯನ್ನು ಬಿತ್ತಬೇಕೆಂಬ ನಿಯಮ ಕಾಗದದಲ್ಲಿತ್ತು. ಅನೇಕ ಹೊಲಗಳಲ್ಲಿ ಅದು ಇರಲಿಲ್ಲ, ಕೇಳುವ ಅಧಿಕಾರಿಯೂ ಇರಲಿಲ್ಲ. ವಿಷದ ಖರ್ಚು ಮತ್ತೆ ಏರಿತು. 398 ಲಕ್ಷ ಬೇಲುಗಳ ಮಟ್ಟವನ್ನು ದೇಶ ಮತ್ತೆ ಮುಟ್ಟಲಿಲ್ಲ.

ಇನ್ನು ಬೆಲೆಯ ಮಾತು. ಮೊದಲ ವರ್ಷಗಳಲ್ಲಿ 450 ಗ್ರಾಮಿನ ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲ್ಪಟ್ಟ ಬೆಲೆಯಿತ್ತು. ಅದರಲ್ಲಿ ಬಹುಪಾಲು ವಂಶವಾಹಿಯ ಒಡೆಯರಿಗೆ ಸಲ್ಲುವ ಶುಲ್ಕ. 2006ರಲ್ಲಿ ಆಂಧ್ರಪ್ರದೇಶದ ಸರಕಾರ ಏಕಸ್ವಾಮ್ಯ ವಿರೋಧಿ ಆಯೋಗಕ್ಕೆ ದೂರು ಕೊಟ್ಟು ಬೆಲೆಯನ್ನು 750 ರೂಪಾಯಿಗೆ ಇಳಿಸಿತು. 2016ರಲ್ಲಿ ಕೇಂದ್ರ ಸರಕಾರವೇ ಎರಡನೆಯ ಬಿ.ಟಿ.ಯ ಪೊಟ್ಟಣಕ್ಕೆ 800 ರೂಪಾಯಿ, ಅದರೊಳಗೆ ಶುಲ್ಕ 49 ರೂಪಾಯಿ ಎಂದು ಕಟ್ಟು ಮಾಡಿತು. ಸರಕಾರ ಮನಸ್ಸು ಮಾಡಿದರೆ ಬೆಲೆ ಇಳಿಯುವುದೆಂದು ಇದರಿಂದ ಸಿದ್ಧವಾಯಿತು. ಆದರೆ ಹೈಬ್ರಿಡ್ ಬೀಜವನ್ನು ಕೂಡಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಆದ್ದರಿಂದ 2001ರ ಕಾಯಿದೆಯಲ್ಲಿ ರೈತನಿಗೆ ಕೊಟ್ಟ ಹಕ್ಕು ಹತ್ತಿಯ ಹೊಲದಲ್ಲಿ ಹೆಸರಿಗೆ ಮಾತ್ರ ಉಳಿಯಿತು. ಆತನು ವರ್ಷವರ್ಷವೂ ಅಂಗಡಿಯ ಮೆಟ್ಟಿಲೇರಲೇಬೇಕು.

ಈ ಬಂಧನವನ್ನು ಬಿಡಿಸಲು ನಮ್ಮ ಸರಕಾರಿ ವಿಜ್ಞಾನಿಗಳು ಒಮ್ಮೆ ಹೊರಟರು. ನಾಗಪುರದ ಕೇಂದ್ರ ಹತ್ತಿ ಸಂಶೋಧನಾಲಯ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಪ್ರಯತ್ನದಿಂದ 'ಬಿಕಾನೇರಿ ನರ್ಮ' ಬಿ.ಟಿ. ಹತ್ತಿ 2009ರಲ್ಲಿ ರೈತರಿಗೆ ದೊರೆಯಿತು. ಅದು ಹೈಬ್ರಿಡ್ ಅಲ್ಲ. ಬೀಜವನ್ನು ಮನೆಯಲ್ಲಿಯೇ ಕಟ್ಟಿಡಬಹುದಾಗಿತ್ತು. ಆದರೆ ಆ ಬೀಜದಲ್ಲಿ ಕಂಪನಿಯ ಹತ್ತಿಯ ವಂಶವಾಹಿಯೇ ಕಂಡುಬಂದುದರಿಂದ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ವಿಚಾರಣೆಗಾಗಿ ಸಮಿತಿಯೂ ನೇಮಕವಾಯಿತು. ಇದು ಕನ್ನಡಿಗರಿಗೆ ವ್ಯಥೆಯನ್ನುಂಟುಮಾಡುವ ಪ್ರಸಂಗ. ಸಾರ್ವಜನಿಕ ವಿಜ್ಞಾನವೆಂದ ಮಾತ್ರಕ್ಕೆ ಅದು ನಿರ್ದುಷ್ಟವಾಗುವುದಿಲ್ಲ. ಅದಕ್ಕೂ ಕಟ್ಟುನಿಟ್ಟಾದ ತನಿಖೆ ಬೇಕು. ಆದರೆ ಒಂದು ಪ್ರಯತ್ನ ಕೆಟ್ಟಿತೆಂದು ಆ ದಾರಿಯನ್ನೇ ಬಿಟ್ಟುಕೊಡುವುದು ವಿವೇಕವಲ್ಲ.

ಬದನೆಯ ಸಂಗತಿಯೂ ಧಾರವಾಡದ ಮೂಲಕವೇ ಹಾದುಬಂದಿದೆ. ಮಹಿಕೋ ಕಂಪನಿಯ ವಂಶವಾಹಿಯನ್ನು ಧಾರವಾಡ ಮತ್ತು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಗಳು ನಾಡತಳಿಗಳಿಗೆ ಸೇರಿಸುವ ಕಾರ್ಯದಲ್ಲಿ ಭಾಗಿಗಳಾದವು. ಹಾಗೆ ಬಳಸಿದ ತಳಿಗಳಲ್ಲಿ ಉಡುಪಿಯ ಬದನೆಯೂ ಇತ್ತು. ಮಟ್ಟು ಗ್ರಾಮದ ಗುಳ್ಳವು ಶ್ರೀ ವಾದಿರಾಜಸ್ವಾಮಿಗಳು ಕೊಟ್ಟ ಬೀಜದ ಸಂತತಿಯೆಂದು ಆ ಸೀಮೆಯ ಜನರು ನಂಬುತ್ತಾರೆ. ಅಂತಹ ನಾಡಿನ ಸ್ವತ್ತನ್ನು 2002ರ ಜೀವವೈವಿಧ್ಯ ಕಾಯಿದೆಯ ಅನುಮತಿಯಿಲ್ಲದೆ ಉಪಯೋಗಿಸಿದರೆಂದು 2010ರಲ್ಲಿ ಬೆಂಗಳೂರಿನಿಂದ ದೂರು ಹೊರಟಿತು. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು ಅದನ್ನು ಕೈಗೆತ್ತಿಕೊಂಡು, ವಿಷಯ ನ್ಯಾಯಾಲಯದವರೆಗೂ ಹೋಯಿತು. ದೋಷ ಯಾರದೆಂಬುದು ನ್ಯಾಯಾಧೀಶರ ಕೆಲಸ. ನಾಡತಳಿಯನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದ ಒಕ್ಕಲಿಗರನ್ನು ಯಾರೂ ಕೇಳಲಿಲ್ಲವಲ್ಲ ಎಂಬುದು ನಮ್ಮ ಕೊರಗು.

2009ರ ಅಕ್ಟೋಬರಿನಲ್ಲಿ ಅನುಮೋದನಾ ಸಮಿತಿ ಬಿ.ಟಿ. ಬದನೆಯನ್ನು ಒಪ್ಪಿತು. ಅದರ ಪರೀಕ್ಷೆಯ ದಾಖಲೆಗಳನ್ನು ಹೊರಗೆ ತರಲು ಮಾಹಿತಿ ಹಕ್ಕಿನ ಹೋರಾಟವೂ ನ್ಯಾಯಾಲಯದ ಒತ್ತಾಯವೂ ಬೇಕಾಗಿದ್ದವು. ಆ ಬಳಿಕ ಸಚಿವರು ಏಳು ಪಟ್ಟಣಗಳಲ್ಲಿ ಬಹಿರಂಗ ಸಭೆಗಳನ್ನು ಕರೆದು ರೈತರ, ವಿಜ್ಞಾನಿಗಳ, ಗ್ರಾಹಕರ ಮಾತನ್ನು ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ ನಡೆಯಿತು. ಗದ್ದಲಗಳಾದುದು ಸರಿ, ಆದರೆ ಜನರು ಉಣ್ಣುವ ಬೆಳೆಯ ವಿಷಯದಲ್ಲಿ ಜನರನ್ನೇ ಕೇಳಿದ ಆ ಪದ್ಧತಿಯನ್ನು ನಾವು ಶ್ಲಾಘಿಸುತ್ತೇವೆ. ತಡೆಯ ಕಾಲದಲ್ಲಿ ನಡೆಯಬೇಕಾಗಿದ್ದ ಪರೀಕ್ಷೆಗಳೇ ನಡೆಯಲಿಲ್ಲವಲ್ಲ ಎಂಬುದೇ ನಮ್ಮ ಆಕ್ಷೇಪ. ನೆರೆಯ ಬಾಂಗ್ಲಾದೇಶ 2013ರಲ್ಲಿ ಅದೇ ವಂಶವಾಹಿಯ ಬದನೆಗೆ ಅನುಮತಿಯಿತ್ತು, 2014ರ ಜನವರಿಯಲ್ಲಿ 20 ಮಂದಿ ರೈತರಿಗೆ ಸಸಿಗಳನ್ನು ಹಂಚಿತು. ಅಲ್ಲಿನ ತಳಿಗಳು ಸರಕಾರಿ ಸಂಶೋಧನಾಲಯದವು. ಬೀಜವನ್ನು ರೈತರು ಕೂಡಿಡಬಹುದು. ನಾವು ಅವರನ್ನು ಅನುಸರಿಸಬೇಕೆಂದಲ್ಲ; ಅಲ್ಲಿನ ಅನುಭವವನ್ನಾದರೂ ಕ್ರಮವಾಗಿ ಪರಿಶೀಲಿಸಿ ಇಲ್ಲಿನ ಜನರ ಮುಂದೆ ಇಡಬಹುದಾಗಿತ್ತು.

ಇಂತಹ ಆಹಾರ ವಿಷವೆಂದು ಕೆಲವರೂ, ಇದೇ ಬಡತನಕ್ಕೆ ಮದ್ದೆಂದು ಕೆಲವರೂ ಹೇಳುತ್ತಾರೆ. 2016ರಲ್ಲಿ ಅಮೇರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ದೀರ್ಘ ವರದಿಯನ್ನು ಪ್ರಕಟಿಸಿದವು. ಆಗ ಬಳಕೆಯಲ್ಲಿದ್ದ ಕುಲಾಂತರಿ ಆಹಾರಗಳು ಸಾಮಾನ್ಯ ಆಹಾರಕ್ಕಿಂತ ಹೆಚ್ಚು ಅಪಾಯಕರವೆನ್ನಲು ಆಧಾರ ಕಾಣಲಿಲ್ಲವೆಂದು ಅದರಲ್ಲಿದೆ. ಇವುಗಳಿಂದ ಅಮೇರಿಕದಲ್ಲಿ ಇಳುವರಿಯ ಬೆಳವಣಿಗೆಯ ವೇಗ ಹೆಚ್ಚಿತೆನ್ನಲು ಸಹ ಆಧಾರವಿಲ್ಲವೆಂದು ಅದರಲ್ಲಿಯೇ ಇದೆ. ಎರಡು ಪಕ್ಷದವರೂ ತಮಗೆ ಬೇಕಾದ ಅರ್ಧವನ್ನೇ ಓದುತ್ತಾರೆ. ಪ್ರತಿಯೊಂದು ಬೆಳೆಯನ್ನೂ ಅದರದರ ಗುಣದೋಷಗಳ ಮೇಲೆ ಪರೀಕ್ಷಿಸಬೇಕೆಂಬುದೇ ನಮ್ಮ ಮತ.

ತೀರ್ಪು ಕೊಡದಿರುವುದರಿಂದ ದೇಶ ಸುರಕ್ಷಿತವಾಗಿದೆಯೆಂಬ ಭ್ರಮೆಯೂ ಬೇಡ. 2019ರಲ್ಲಿ ಹರಿಯಾಣದ ಹೊಲವೊಂದರಲ್ಲಿ ಅನುಮತಿಯಿಲ್ಲದ ಬಿ.ಟಿ. ಬದನೆ ಕಂಡುಬಂದು ಅದನ್ನು ನಾಶಮಾಡಬೇಕಾಯಿತು. ಕಳೆನಾಶಕವನ್ನು ತಾಳುವ ಹತ್ತಿ ಯಾವ ಅನುಮತಿಯೂ ಇಲ್ಲದೆ ಹಲವು ರಾಜ್ಯಗಳಲ್ಲಿ ಮಾರಾಟವಾಗಿದೆ. 2021ರಲ್ಲಿ ಕೋಳಿಗಳ ಮೇವಿಗೆಂದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ಹೊರದೇಶದಿಂದ ತರಿಸಲು ಸರಕಾರವೇ ಒಪ್ಪಿತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಯ ಪರಿ ಇದಲ್ಲವೇ? ಕಳ್ಳಬೀಜಕ್ಕೆ ಪರೀಕ್ಷೆಯಿಲ್ಲ, ರಶೀದಿಯಿಲ್ಲ. ಬೆಳೆ ಕೆಟ್ಟರೆ ರೈತನ ನಷ್ಟಕ್ಕೆ ಹೊಣೆಗಾರರೂ ಇಲ್ಲ.

ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಅನುಮತಿಯ ವಿಷಯದಲ್ಲಿ ಭಿನ್ನಾಭಿಪ್ರಾಯವನ್ನು ತಾಳಿದರು. ಆದರೆ ರಾಜ್ಯಗಳನ್ನೂ ರೈತರನ್ನೂ ತಜ್ಞರನ್ನೂ ವಿಚಾರಿಸಿ ಒಂದು ರಾಷ್ಟ್ರೀಯ ನೀತಿಯನ್ನು ರಚಿಸಬೇಕೆಂಬುದರಲ್ಲಿ ಇಬ್ಬರೂ ಏಕಮತದಲ್ಲಿದ್ದರು. ಹೊಸ ಬತ್ತದ ಮಾತು ಬೇರೆ. ಅದರಲ್ಲಿ ಅನ್ಯಜೀವಿಯ ವಂಶವಾಹಿಯಿಲ್ಲ. ಬತ್ತದ ಸ್ವಂತ ವಂಶವಾಹಿಯನ್ನೇ ತಿದ್ದಲಾಗಿದೆ. ಆ ಬಗೆಯ ಬೆಳೆಗಳನ್ನು 2022ರ ಮಾರ್ಚಿನಲ್ಲಿ ಕುಲಾಂತರಿ ನಿಯಮಗಳ ಮುಖ್ಯ ಭಾಗದಿಂದ ಹೊರತುಪಡಿಸಲಾಯಿತು. ಈ ವ್ಯತ್ಯಾಸದಲ್ಲಿ ಅರ್ಥವಿದೆ. ಸರಕಾರಿ ಸಂಶೋಧನಾಲಯಗಳೇ ಈ ಬತ್ತವನ್ನು ಸಿದ್ಧಪಡಿಸಿದುದು ಸಂತೋಷದ ವಿಷಯ. ಆದರೂ ವಿನಾಯಿತಿಯೆಂದರೆ ಗೋಪ್ಯತೆಯೆಂದರ್ಥವಾಗಬಾರದು.

ನಾವು ಸರಕಾರದವರಿಂದ ಬಯಸುವುದು ನಾಲ್ಕು ಸಂಗತಿಗಳನ್ನು. ಮೊದಲನೆಯದು, ಪ್ರಯೋಗದ ಸ್ಥಳ, ಫಲಿತಾಂಶ, ಅನುಮತಿಗಳ ಕಾಗದಪತ್ರಗಳು ವ್ಯಾಜ್ಯವಿಲ್ಲದೆ ಪ್ರಕಟವಾಗಲಿ, ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿಯೂ ಪ್ರಕಟವಾಗಲಿ. ಎರಡನೆಯದು, ಪರೀಕ್ಷೆಯನ್ನು ಬೀಜವನ್ನು ಮಾರತಕ್ಕವನು ನಡಸದೆ, ಅವನಿಂದ ಹಣ ಪಡೆಯದ ಸಂಸ್ಥೆ ನಡಸಲಿ. ಅದಕ್ಕೊಂದು ಗಡುವೂ ಇರಲಿ. ಮೂರನೆಯದು, ಸಾರ್ವಜನಿಕ ಹಣದಿಂದ ಹುಟ್ಟಿದ ತಳಿಯನ್ನು ಸಾಧ್ಯವಾದೆಡೆಯಲ್ಲೆಲ್ಲ ರೈತನು ಕೂಡಿಟ್ಟು ಬಿತ್ತುವಂತಿರಲಿ. ನಾಡತಳಿಯನ್ನು ಬಳಸಿದರೆ ಅದನ್ನು ಕಾಪಾಡಿದ ಜನರಿಗೆ ಪಾಲು ಸಲ್ಲಲಿ. ನಾಲ್ಕನೆಯದು, ಕುಲಾಂತರಿ ಪದಾರ್ಥ ಸೇರಿದ ಎಣ್ಣೆ, ಆಹಾರಗಳ ಮೇಲೆ ಅದನ್ನು ಸ್ಪಷ್ಟವಾಗಿ ನಮೂದಿಸಲಿ. ಕೊಳ್ಳುವವನು ತಿಳಿದು ಕೊಳ್ಳಲಿ.

ಬದನೆಯ ತಡೆಯನ್ನು ತೆಗೆಯಿರೆಂದು ನಾವು ಹೇಳುತ್ತಿಲ್ಲ. ಅದನ್ನು ಎಂದೆಂದಿಗೂ ಇಡಿರೆಂದೂ ಹೇಳುತ್ತಿಲ್ಲ. 2010ರಲ್ಲಿ ಕೊಟ್ಟ ಮಾತಿನಂತೆ ಪರೀಕ್ಷೆಯನ್ನು ನಡಸಿ, ಅದರ ಫಲವನ್ನು ಪ್ರಕಟಿಸಿ, ಹೌದು ಅಥವಾ ಅಲ್ಲ ಎಂದು ಕಾರಣಸಹಿತವಾಗಿ ಹೇಳಿರೆನ್ನುತ್ತೇವೆ. ಅಧಿಕಾರಿಗಳು ಕಡತವನ್ನು ಮುಂದೂಡಬಹುದು; ಒಕ್ಕಲಿಗನು ಮುಂಗಾರನ್ನು ಮುಂದೂಡಲಾರನು. ಮಳೆ ಬಿದ್ದ ದಿನ ಆತನು ಯಾವುದಾದರೊಂದು ಬೀಜವನ್ನು ಬಿತ್ತಿಯೇ ಬಿತ್ತುವನು. ಅದು ಪರೀಕ್ಷಿಸಿದ ಬೀಜವೋ ಕಳ್ಳಬೀಜವೋ ಎಂಬುದು ದಿಲ್ಲಿಯ ಕಚೇರಿಗಳನ್ನು ಅವಲಂಬಿಸಿದೆ.